ಅಂಚಿಗೆ ಬಿಟ್ಟ ಅರ್ಧ ಇಂಚು

ಅಂಚು ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಬಟ್ಟೆ ಕತ್ತರಿಸುವ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಹುಟ್ಟಿತು. ಎದುರಿಗೆ ಹನ್ನೆರಡು ಪದರ ನೀಲಿ ಬಟ್ಟೆ ಮೇಜಿನ ಉದ್ದಕ್ಕೂ ಹಾಸಿತ್ತು, ಸೀಮೆಸುಣ್ಣದ ಬಿಲ್ಲೆ ಬೆರಳ ನಡುವೆ ಇತ್ತು, ಕೈ ಮಾತ್ರ ಗೆರೆ ಎಳೆಯಲು ಒಲ್ಲೆ ಅನ್ನುತ್ತಿತ್ತು. ಶಾಲೆ ಮಕ್ಕಳ ಅಂಗಿಯ ತೋಳು. ಕಣ್ಣು ಮುಚ್ಚಿಕೊಂಡು ಕತ್ತರಿಸುವಂಥದ್ದು. ಅಳತೆ ತೆಗೆದು, ಸುತ್ತ ಅರ್ಧರ್ಧ ಇಂಚು ಹೊಲಿಗೆಗೆಂದು ಬಿಟ್ಟು, ಆಮೇಲೆ ಕತ್ತರಿ. ಆ ಅರ್ಧ ಇಂಚನ್ನು ಅವಳು ಯಾವತ್ತೂ ಯೋಚಿಸಿ ಬಿಟ್ಟವಳಲ್ಲ. ಉಸಿರು ಬಿಟ್ಟ ಹಾಗೆ ಅದು ತಾನಾಗಿಯೇ ಆಗಿಬಿಡುತ್ತಿತ್ತು. ಈಗ ಬಿಲ್ಲೆಯ ಪುಡಿ ಬೆವರಿಗೆ ಅಂಟಿ ಹೆಬ್ಬೆರಳು ಬೆಳ್ಳಗಾಗಿತ್ತು. ಮೇಜಿನ ಕೆಳಗೆ ಅವಳ ಕೈಚೀಲ. ಚೀಲದಲ್ಲಿ ಬೆಳಿಗ್ಗೆ ಕಾಲೇಜಿನ ಗಣಿತ ತರಗತಿಯಲ್ಲಿ ವಾಪಸು ಕೊಟ್ಟ ಮನೆಲೆಕ್ಕದ ಹಾಳೆ. ಹಾಳೆಯಲ್ಲಿ ಮೂರನೆಯ ಲೆಕ್ಕದ ಉತ್ತರ, ಎರಡು ಸಾವಿರದ ಐನೂರ ಒಂದು, ಅದರ ಸುತ್ತ ಕೆಂಪು ಸುತ್ತು, ಸುತ್ತಿನ ಕೆಳಗೆ ಮೇಡಂ ಅಕ್ಷರ: ಮೂರು ಗಂಟೆಗೆ ನನ್ನ ಕೋಣೆಗೆ ಬನ್ನಿ. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಪಕ್ಕ ಕೂರುವ ಬಸ್ ಕಂಡಕ್ಟರ್ ಹುಡುಗಿಯ ಹಾಳೆಯಲ್ಲೂ ಅದೇ ಸಂಖ್ಯೆ, ಅದೇ ಸುತ್ತು, ಅದೇ ಸಾಲು. ಉಳಿದ ನಲವತ್ತು ಮಂದಿಯದು ಎರಡು ಸಾವಿರದ ನಾನೂರು.

"ಏನ್ ದೊಡ್ಡಮ್ಮ, ಬಟ್ಟೆ ಮುಂದೆ ನಿಂತು ಸೂತ್ರ ಬಾಯಿಪಾಠ ಮಾಡ್ತಿದೀರಾ?" ಕಾಲರ್ ಹೊಲಿಯುವವಳು ಮಿಷನ್ನು ನಿಲ್ಲಿಸದೆಯೇ ಕೂಗಿದಳು. "ತೋಳು ಬೇಗ ಬರಲಿ, ಇಲ್ಲಾಂದ್ರೆ ಮಕ್ಕಳು ಕೈ ಬರಿದು ಮಾಡ್ಕೊಂಡು ಶಾಲೆಗೆ ಹೋಗ್ತಾವೆ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಕಾಲೇಜು ಸೇರಿದ ಮೇಲೆ ಇವರ ಕುಚೋದ್ಯ ಅಭ್ಯಾಸವಾಗಿತ್ತು. ಐವತ್ತಾರು ವರ್ಷದವಳು ವಾರಕ್ಕೆ ಮೂರು ದಿನ ಹತ್ತರಿಂದ ಹನ್ನೊಂದು ಗಂಟೆಯವರೆಗೆ ಹುಡುಗ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಗಣಿತ ಕಲಿಯುತ್ತಾಳೆ ಅಂದರೆ ನಗದೆ ಇರುವುದಾದರೂ ಹೇಗೆ? ಆದರೆ ಇವತ್ತು ಆ ನಗುವಿನ ಹಿಂದೆ ಇನ್ನೊಂದು ನಗು ಕೇಳಿಸುತ್ತಿತ್ತು. ನಾಳೆ ಗೊತ್ತಾದ ಮೇಲಿನ ನಗು. ನಮ್ಮ ದೊಡ್ಡಮ್ಮನ್ನ ಕಾಪಿ ಹೊಡೆದಿದ್ದಕ್ಕೆ ಹಿಡಿದರಂತೆ, ಹೆಸರು ಹೊಡೆದು ಹಾಕಿದರಂತೆ, ಈ ವಯಸ್ಸಿನಲ್ಲಿ!

ಗೆರೆ ಎಳೆದಳು. ಅಂಚು ಬಿಟ್ಟೇ ಎಳೆದಳು. ಬೇರೆ ಥರ ಎಳೆಯಲು ಕೈಗೆ ಬರುತ್ತಿರಲಿಲ್ಲ.

ಹದಿನಾಲ್ಕು ನಿಯಮಗಳಿದ್ದವು. ಮೊದಲ ದಿನ ಮೇಡಂ ಎರಡು ಪುಟದ ಹಾಳೆ ಹಂಚಿ, ಒಂದೊಂದನ್ನೂ ಓದಿ ಹೇಳಿದ್ದರು. ಹತ್ತು ಗಂಟೆ ಐದು ನಿಮಿಷಕ್ಕೆ ಬಾಗಿಲು ಹಾಕಲಾಗುವುದು. ಮೂರು ಸಲ ತಡವಾದರೆ ಒಂದು ಗೈರುಹಾಜರಿ, ನಾಲ್ಕು ಗೈರುಹಾಜರಿಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ತರಗತಿಯಲ್ಲಿ ಫೋನ್ ಬಾರಿಸಿದವರು ಅವತ್ತು ಹೊರಗೆ. ತಪ್ಪಿಹೋದ ಪರೀಕ್ಷೆಯನ್ನು ಮತ್ತೆ ಕೊಡುವುದಿಲ್ಲ, ಕಾರಣ ಏನೇ ಇರಲಿ. ಐದನೆಯದು, ಪ್ರತಿ ಹೆಜ್ಜೆಯನ್ನೂ ಬರೆದು ತೋರಿಸಬೇಕು. ಬರಿಯ ಉತ್ತರಕ್ಕೆ ಅಂಕವಿಲ್ಲ. ಒಂಬತ್ತನೆಯದು, ಇನ್ನೊಬ್ಬರದನ್ನು ಇಲ್ಲವೇ ಬರೆದು ತಂದದ್ದನ್ನು ನೋಡಿ ಬರೆದವರಿಗೆ ಎಚ್ಚರಿಕೆ ಚೀಟಿ, ತೋರಿಸಿದವರಿಗೆ ಆ ಲೆಕ್ಕಗಳಿಗೆಲ್ಲ ಸೊನ್ನೆ. ಎರಡು ಚೀಟಿಯಾದರೆ ಹಾಜರಿ ಪುಸ್ತಕದಿಂದ ಹೆಸರು ತೆಗೆಯಲಾಗುವುದು. ಹತ್ತನೆಯದು, ವಿಚಾರಿಸಿದಾಗ ಸುಳ್ಳು ಹೇಳಿದರೆ ಅದಕ್ಕೇ ಬೇರೆ ಚೀಟಿ. ಕೊನೆಗೆ, ಮೇಲಿನದನ್ನೆಲ್ಲ ಓದಿ ತಿಳಿದುಕೊಂಡಿದ್ದೇನೆ, ಸಹಿ. ಎಲ್ಲರೂ ಸರ್ರನೆ ಗೀಚಿ ಕೊಟ್ಟರು. ಇವಳು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯುವವರೆಗೆ ಹಾಳೆ ಸಂಗ್ರಹಿಸುತ್ತಿದ್ದ ಹುಡುಗ ಪಕ್ಕದಲ್ಲೇ ಕಾಲು ಕುಣಿಸುತ್ತ ನಿಂತಿದ್ದ. ತನ್ನ ಪ್ರತಿಯನ್ನು ಮನೆಗೆ ತಂದು ಅಕ್ಕನಿಗೆ ಓದಿ ಹೇಳಿದ್ದಳು. ಅಕ್ಕ ಕಿಟಕಿಯ ಬಳಿ ಕೂತು ಕಾಜ ಹೆಣೆಯುತ್ತಿದ್ದಳು. ಕಣ್ಣು ಮಂಜಾದರೂ ಗುಂಡಿಯ ತೂತಿನ ಸುತ್ತ ಅವಳ ಸೂಜಿ ದಾರಿ ತಪ್ಪುತ್ತಿರಲಿಲ್ಲ. "ಹದಿನಾಲ್ಕಾ? ನನ್ನ ಅತ್ತೆ ಕೂಡ ಇಷ್ಟು ಹಾಕಿರಲಿಲ್ಲ ಕಣೇ ಪುಟ್ಟಿ," ಅಂದಿದ್ದಳು. "ಅವಳದು ಏಳೇ ಇದ್ದವು. ಏಳರಲ್ಲೇ ನಾನು ಸುಸ್ತಾಗಿ ಹೋದೆ." ಆಮೇಲೆ ದಾರ ಕಚ್ಚಿ ತುಂಡು ಮಾಡಿ, "ಇನ್ನೊಂದ್ಸಲ ಓದು, ಆ ನಿರೀಕ್ಷೆ ಅಂತ ಇತ್ತಲ್ಲ, ಅದನ್ನ," ಅಂದಳು. ಒಂದು ಗಂಟೆಯ ಪಾಠಕ್ಕೆ ವಿದ್ಯಾರ್ಥಿಯು ಮನೆಯಲ್ಲಿ ಎರಡು ಗಂಟೆ ಕೆಲಸ ಮಾಡಬೇಕೆಂದು ನಿರೀಕ್ಷಿಸಲಾಗುತ್ತದೆ. ಅಕ್ಕ ಬಟ್ಟೆಯನ್ನು ಮಡಿಲಿಗಿಳಿಸಿದಳು. "ನಿನ್ನಿಂದ ನಿರೀಕ್ಷೆ ಮಾಡ್ತಾರಂತೆ ನೋಡು," ಅಂದಳು. ಹೆಮ್ಮೆಯಲ್ಲಿ ಹೇಳಿದಳೋ ಹೊಟ್ಟೆಕಿಚ್ಚಿನಲ್ಲೋ ಇವಳಿಗೆ ತಿಳಿಯಲಿಲ್ಲ. ಅವತ್ತಿನಿಂದ ದಿನಾ ಸಂಜೆ ಮನೆಗೆ ಕಾಲಿಟ್ಟ ಕೂಡಲೆ ಅಕ್ಕನದು ಒಂದೇ ಪ್ರಶ್ನೆ: ಇವತ್ತೇನು ಕಲಿಸಿದರು? ನೀರು ಕುಡಿಯುವ ಮೊದಲೇ ಹೇಳಬೇಕು.

ನಾಲ್ಕನೇ ತರಗತಿಯಲ್ಲಿ ಇಬ್ಬರೂ ಒಂದೇ ಬೆಂಚು. ಅಕ್ಕ ಕಾಯಿಲೆ ಬಿದ್ದು ಒಂದು ವರ್ಷ ಹಿಂದುಳಿದದ್ದರಿಂದ ತಂಗಿಯ ಪಕ್ಕ ಬಂದು ಕೂತಿದ್ದಳು. ಸ್ಲೇಟಿನ ಮರದ ಚೌಕಟ್ಟು ಒಂದಕ್ಕೊಂದು ತಾಗುತ್ತಿತ್ತು. ಭಾಗಾಕಾರ. ಎರಡು ಸ್ಲೇಟಿನಲ್ಲೂ ಒಂದೇ ತಪ್ಪು ಉತ್ತರ. ಮೇಷ್ಟ್ರು ಎರಡನ್ನೂ ಎತ್ತಿ ತರಗತಿಗೆಲ್ಲ ತೋರಿಸಿ, ಯಾರು ಯಾರದ್ದನ್ನ ನೋಡಿದ್ದು ಅಂತ ಕೇಳಿದರು. ಕೇಳಿದ ದನಿ ಜೋರೇನೂ ಇರಲಿಲ್ಲ. ಅವಳಿಗೆ ಈಗಲೂ ಚೆನ್ನಾಗಿ ನೆನಪಿರುವುದು ತನ್ನ ಬೆರಳು. ಅದು ಎದ್ದಿತು. ಎದ್ದು ಪಕ್ಕಕ್ಕೆ ತಿರುಗಿತು. ಅಕ್ಕ ಅಲ್ಲ ಅನ್ನಲಿಲ್ಲ, ಅಳಲಿಲ್ಲ. ಆ ವಾರವೇ ಅಪ್ಪ, "ಓದೋದಕ್ಕೆ ಒಬ್ಬಳು ಸಾಕು, ಬುದ್ಧಿ ಇರೋಳು ಹೋಗಲಿ," ಅಂದ. ಅಕ್ಕ ಮನೆಯಲ್ಲಿ ಉಳಿದಳು. ಇವಳು ಏಳರವರೆಗೆ ಹೋದಳು, ನಡುವಯಸ್ಸಿನಲ್ಲಿ ಸಂಜೆ ಶಾಲೆಯಲ್ಲಿ ಹತ್ತು ಮುಗಿಸಿದಳು, ಈಗ ಕಾಲೇಜು. ಆದರೆ ನಿಜವಾಗಿ ಯಾರು ಯಾರದ್ದನ್ನು ನೋಡಿದ್ದರು? ನೆನಪಿನ ಆ ಜಾಗದಲ್ಲಿ ಸ್ಲೇಟು ಒರೆಸಿದಂತೆ ಬೂದು ಬಣ್ಣ. ಎಷ್ಟೋ ಸಲ ಅಲ್ಲಿಗೆ ಹೋಗಿ ಇಣುಕಿದ್ದಾಳೆ. ಮೊದಲು ಬರೆದದ್ದು ತಾನೇ ಅನ್ನಿಸುತ್ತದೆ. ಒಮ್ಮೊಮ್ಮೆ ಅಕ್ಕನ ಮೊಣಕೈ ಸರಿದದ್ದು, ತನ್ನ ಕತ್ತು ಆ ಕಡೆ ವಾಲಿದ್ದು ಕಾಣಿಸುತ್ತದೆ. ಅಕ್ಕನನ್ನು ಕೇಳಿದರೆ ತಿಳಿದೀತು. ಗಂಡ ತೀರಿದ ಮೇಲೆ ಅಕ್ಕ ಇವಳ ಮನೆಗೆ ಬಂದು ಹದಿನೇಳು ವರ್ಷವಾಯಿತು. ಒಂದೇ ದೀಪದ ಕೆಳಗೆ ಕೂತು ಇವಳು ಕತ್ತರಿಸಿದ ಬಟ್ಟೆಗೆ ಅವಳು ಕಾಜ ಮಾಡಿದ್ದಾಳೆ. ಕೇಳಿಲ್ಲ.

ಎರಡೂವರೆಗೆ ಕತ್ತರಿ ಇಟ್ಟು, ತನಗೆ ಹಲ್ಲುನೋವು ಅಂತ ಅಂಗಡಿ ಯಜಮಾನನಿಗೆ ಹೇಳಿ ಹೊರಬಿದ್ದಳು. ಹೇಳಿದ ಮೇಲೆ ಹತ್ತನೆಯ ನಿಯಮ ನೆನಪಾಯಿತು. ಬೀದಿಯ ಅಂಗಡಿಗಳ ಗಾಜಿನಲ್ಲಿ ಅವಳ ಜೊತೆಗೇ ಒಬ್ಬ ಮುದುಕಿ ಚೀಲ ಎದೆಗೊತ್ತಿಕೊಂಡು ಬರುತ್ತಿದ್ದಳು, ಯಾರದೋ ಮನೆಯಿಂದ ಏನೋ ಎತ್ತಿಕೊಂಡು ಹೊರಟವಳ ಹಾಗೆ. ಸಿಗ್ನಲ್ಲಿನಲ್ಲಿ ಪೊಲೀಸಿನವನು ಕೈ ಎತ್ತಿದಾಗ, ಅದು ಕಾರುಗಳಿಗೆ ಅಂತ ಗೊತ್ತಿದ್ದೂ ನಿಂತುಬಿಟ್ಟಳು. ಹಿಂದಿನವರು ಗೊಣಗಿಕೊಂಡು ಸುತ್ತಿ ಹೋದರು. ಎಲ್ಲ ಆ ಮೂರನೆಯ ಲೆಕ್ಕದಿಂದ. ಆರು ಲೆಕ್ಕಗಳಲ್ಲಿ ಅವಳಿಗೆ ಭಯವಾಗದೆ ಇದ್ದದ್ದು ಅದೊಂದೇ. ನಲವತ್ತು ಇಂಚು ಅಗಲ, ಅರವತ್ತು ಇಂಚು ಉದ್ದದ ಹಲಗೆಗೆ ಹೊದಿಸಲು ಎಷ್ಟು ಚದರ ಇಂಚು ಬಟ್ಟೆ ಬೇಕು? ಬಟ್ಟೆ ಅಂದ ಕೂಡಲೆ ಪೆನ್ನು ತಾನೇ ಓಡಿತ್ತು. ನಲವತ್ತೊಂದು, ಅರವತ್ತೊಂದು, ಗುಣಿಸಿದರೆ ಎರಡು ಸಾವಿರದ ಐನೂರ ಒಂದು. ಎಷ್ಟು ಖುಷಿಯಿತ್ತು ಆ ಒಂದರಲ್ಲಿ! ಹಾಳೆ ಒಪ್ಪಿಸುವ ದಿನ ಪಾಠ ಶುರುವಾಗುವ ಮೊದಲು ಕಂಡಕ್ಟರ್ ಹುಡುಗಿ ಓಡಿಬಂದು ಪಕ್ಕ ಕೂತಳು, ಬೆಳಗಿನ ಸರದಿ ಮುಗಿಸಿ, ಬಸ್ಸಿನ ಅಂಗಿಯಲ್ಲೇ, ಕೊರಳಲ್ಲಿ ಸೀಟಿ. "ದೊಡ್ಡಮ್ಮ, ನಿಮ್ಮದು ಒಂಚೂರು ಕೊಡಿ, ಸರಿಯಿದೆಯಾ ಅಂತ ನೋಡ್ಕೋತೀನಿ." ಐದು ದಶಕದಲ್ಲಿ ಯಾರೂ ಅವಳು ಬರೆದದ್ದನ್ನು ನೋಡಬೇಕೆಂದು ಕೇಳಿರಲಿಲ್ಲ. ಒಂಬತ್ತನೆಯ ನಿಯಮ ನೆನಪಿರಲಿಲ್ಲವೇ? ಇತ್ತು. ಇದ್ದೂ ಹಾಳೆಯನ್ನು ಆ ಕಡೆ ತಿರುಗಿಸಿ, ತುದಿ ಮಡಿಚಿಕೊಳ್ಳದ ಹಾಗೆ ಅಂಗೈಯಿಂದ ಸವರಿ ಕೊಟ್ಟಿದ್ದಳು. ಆಮೇಲೆ ಕಿಟಕಿಯಾಚೆ ನೋಡುತ್ತ ಕೂತಳು. ಪಕ್ಕದಲ್ಲಿ ಪೆನ್ನು ಸರಸರ ಓಡುವ ಸದ್ದು ಕಿವಿಗೆ ಬೀಳುತ್ತಿತ್ತು. ಹಿತವಾಗಿತ್ತು ಆ ಸದ್ದು, ಅದೇ ಈಗ ತಿವಿಯುವುದು.

ಮೂರನೇ ಮಹಡಿಯ ಉದ್ದನೆ ಮೊಗಸಾಲೆಯಲ್ಲಿ ಹುಡುಗಿ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಾಗಿಲ ಮೇಲೆ ಮೇಡಂ ಹೆಸರಿನ ಕೆಳಗೆ ಭೇಟಿಯ ವೇಳೆ ಎಂದು ಅಚ್ಚಾಗಿತ್ತು, ದಿನವೂ ಮೂರರಿಂದ ನಾಲ್ಕು. ನಿಯಮದ ಹಾಳೆಯಲ್ಲೂ ಅದು ಇತ್ತು. ಪೊಲೀಸ್ ಠಾಣೆಯಲ್ಲಿ ಸಹಿ ಮಾಡಲು ಬರುವವರಿಗೆ ವೇಳೆ ಇಟ್ಟಿರುತ್ತಾರಲ್ಲ, ಅಂಥದ್ದು ಅಂದುಕೊಂಡಿದ್ದಳು ಅವಳು.

"ದೊಡ್ಡಮ್ಮ," ಹುಡುಗಿ ಪಿಸುಗುಟ್ಟಿದಳು, "ನಂದು ಆಗಲೇ ಒಂದು ಚೀಟಿ ಆಗಿದೆ."

"ಯಾವಾಗ?"

"ಮೊದಲ್ನೇ ಕಿರುಪರೀಕ್ಷೆಲಿ. ಟಿಕೆಟ್ ಹಿಂದೆ ಸೂತ್ರ ಬರ್ಕೊಂಡು ಹೋಗಿದ್ದೆ. ಅಭ್ಯಾಸ ನೋಡಿ, ಟಿಕೆಟ್ ಕೈಲಿದ್ರೆ ಧೈರ್ಯ." ನಗಲು ನೋಡಿದಳು. "ಇನ್ನೊಂದಾದ್ರೆ ಹೆಸರೇ ಹೋಗತ್ತೆ. ಇದೊಂದು ಪಾಸಾದ್ರೆ ಡಿಪೋದಲ್ಲಿ ಗುಮಾಸ್ತೆ ಕೆಲಸ, ಕೂತ್ಕೊಂಡು ಮಾಡೋದು. ನನ್ನ ಸೊಂಟ ಮುರಿದು ಹೋಗಿದೆ ದೊಡ್ಡಮ್ಮ, ಇಪ್ಪತ್ತಾರಕ್ಕೇ. ದಿನಕ್ಕೆ ಎಂಟು ಗಂಟೆ ನಿಂತು, ಅದೂ ಅಲ್ಲಾಡೋ ನೆಲದ ಮೇಲೆ."

ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಹುಡುಗಿ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, "ನಿಮಗಿನ್ನೂ ಒಂದೂ ಆಗಿಲ್ಲ ಅಲ್ವಾ?" ಅಂದಳು. ಬೇರೇನೂ ಕೇಳಲಿಲ್ಲ. ಆ ಒಂದು ಮಾತು ಮಾತ್ರ ಮೊಗಸಾಲೆಯ ತಣ್ಣನೆ ನೆಲದ ಮೇಲೆ ಹಾಗೇ ಬಿದ್ದಿತ್ತು, ಬಾಗಿಲು ತೆರೆಯುವವರೆಗೆ.

ಮೇಡಂಗೆ ನೆಗಡಿಯಾಗಿತ್ತು. ಮೇಜಿನ ಮೇಲೆ ಬಿಸಿನೀರಿನ ಲೋಟ, ತುದಿ ಮಡಿಸಿದ ಉತ್ತರ ಹಾಳೆಗಳ ಕಟ್ಟು, ನಡುವೆ ಪಕ್ಕಪಕ್ಕದಲ್ಲಿ ಇಟ್ಟ ಎರಡು ಹಾಳೆ. ಅವುಗಳ ಅಂಚು ಒಂದಕ್ಕೊಂದು ತಾಗುತ್ತಿದ್ದವು. ಮೇಡಂ ಅವಳಿಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರು. ಆದರೂ ಆ ಕುರ್ಚಿಯ ಎದುರು ನಿಂತಾಗ ತನ್ನ ಕಾಲು ನೆಲಕ್ಕೆ ಎಟುಕುತ್ತಿಲ್ಲ ಅನ್ನಿಸಿತು ಅವಳಿಗೆ. ಕೂತುಕೊಳ್ಳಿ ಅಂದರು. ಕೂತರೆ ಸಲಿಗೆಯಾದೀತು, ನಿಂತರೆ ಉದ್ಧಟತನವಾದೀತು. ಕುರ್ಚಿಯ ತುದಿಗೆ ಒರಗದೆ ಕೂತಳು.

"ಇಡೀ ತರಗತಿಗೆ ಎರಡು ಸಾವಿರದ ನಾನೂರು ಬಂದಿದೆ. ನಿಮ್ಮಿಬ್ಬರಿಗೆ ಮಾತ್ರ ನೂರಾ ಒಂದು ಹೆಚ್ಚು," ಮೇಡಂ ಮೂಗು ಒರೆಸಿಕೊಂಡರು. "ಕೂಡೋದರಲ್ಲಿ, ಗುಣಿಸೋದರಲ್ಲಿ ತಪ್ಪಿಲ್ಲ. ಶುರುವಿನಲ್ಲೇ ನಲವತ್ತು ಹೋಗಿ ನಲವತ್ತೊಂದಾಗಿದೆ. ಹೇಗಾಯಿತು ಅಂತ ಇಬ್ಬರೂ ಬರೆದಿಲ್ಲ. ಯಾರು ಯಾರದ್ದನ್ನ ನೋಡಿದ್ದು?"

ಅದೇ ಮಾತು. ದನಿ ಜೋರೇನೂ ಇರಲಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲು ಎದ್ದದ್ದು ಹುಡುಗಿಯ ಬೆರಳು, ಟಿಕೆಟ್ ಹರಿದು ಹರಿದು ತುದಿ ಕಪ್ಪಾದ ಬೆರಳು. ಎದ್ದು ಅವಳ ಕಡೆ ತಿರುಗಿತು. "ಇವರು ನನ್ನದನ್ನ ಕೇಳಿದ್ರು ಮೇಡಂ. ವಯಸ್ಸಾದವರು, ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಸಿಟ್ಟು ಬರಬೇಕಿತ್ತು. ಬರಲೆಂದು ಕಾದಳು. ಬಂದದ್ದು ಬೇರೆ ಏನೋ: ಓ, ಹೊರಗಿನಿಂದ ಅದು ಹೀಗೆ ಕಾಣುತ್ತದೆ. ಅಕ್ಕನಿಗೆ ಹೀಗೆ ಕಂಡಿತ್ತು. ಬೆರಳಿನ ಹಿಂದಿನ ಮುಖ ದುಷ್ಟ ಮುಖವೇನಲ್ಲ. ಬೆದರಿ ಬಿಳಿಚಿಕೊಂಡ, ಮೂಗಿನ ಮೇಲೆ ಬೆವರು ಒಡೆದ ಎಳೆ ಮುಖ. ಮೇಡಂ ಇವಳ ಕಡೆ ತಿರುಗಿ, "ಹೌದಾ?" ಅಂದರು.

"ಹೌದು," ಅಂದಳು.

ಅಂದದ್ದು ತಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಎದೆಯಲ್ಲಿ ಏನೋ ಹಗುರಾಯಿತು. ಹಗುರಾದ ಕೂಡಲೆ ಅದರ ಮೇಲೇ ಅನುಮಾನ ಬಂತು. ಇದು ಒಳ್ಳೆಯತನವೋ? ಅಥವಾ ಎಷ್ಟೋ ವರ್ಷದ ಹಿಂದೆ ಒಬ್ಬಳಿಗೆ ಕೊಡಬೇಕಾದ್ದನ್ನು ಇವತ್ತು ಇನ್ನೊಬ್ಬಳ ಕೈಗೆ ತುರುಕಿ ಕಳಚಿಕೊಳ್ಳುವ ಉಪಾಯವೋ? ಹುಡುಗಿ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು, ಬಾಯಿ ಅರ್ಧ ತೆರೆದು. ಒಂದು ಚೀಟಿ ತಾನೇ. ಒಂದು ಚೀಟಿಗೆ ಹೆಸರು ಹೋಗುವುದಿಲ್ಲ. ನಕಲು ಎಂಬ ಮಾತು ಎಲ್ಲೋ ಒಂದು ಕಡತದಲ್ಲಿ ಕೂತಿರುತ್ತದೆ, ಕೂತಿರಲಿ. ಇನ್ನು ಮುಂದೆ ಒಂದು ತಪ್ಪನ್ನೂ ಮಾಡದೆ, ಉಸಿರು ಬಿಗಿಹಿಡಿದು ವರ್ಷ ದಾಟಿಸಿದರಾಯಿತು. ಅಕ್ಕನಿಗೆ ಏನು ಹೇಳುವುದು?

"ಸರಿ," ಮೇಡಂ ಹುಡುಗಿಯ ಕಡೆ ತಿರುಗಿದರು. "ಹಾಗಾದರೆ ಇದು ನಿನ್ನ ಲೆಕ್ಕ. ನೀನೇ ಹೇಳು. ಆ ಒಂದು ಎಲ್ಲಿಂದ ಬಂತು?"

ಹುಡುಗಿ ಹಾಳೆಯನ್ನು ನೋಡಿದಳು. ಮತ್ತೆ ನೋಡಿದಳು. "ಅದು... ಒಂದು ಜಾಸ್ತಿ ಇರಲಿ ಅಂತ ಮೇಡಂ."

"ಯಾಕೆ ಜಾಸ್ತಿ? ಎರಡು ಯಾಕಲ್ಲ? ಅರ್ಧ ಯಾಕಲ್ಲ?"

ಲೋಟದಿಂದ ಹಬೆ ಏಳುತ್ತಿತ್ತು. ಹುಡುಗಿ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಯಾಕೆ ಅಂದರೆ, ಇವಳಿಗೆ ಹೇಳಬೇಕೆನಿಸಿತು, ಯಾಕೆ ಅಂದರೆ, ಇಷ್ಟು ಸುಲಭದ್ದು ಅದು. ಎರಡು ಬಿಟ್ಟರೆ ಬಟ್ಟೆ ದಂಡ, ಅರ್ಧವೇ ಬಿಟ್ಟರೆ ಒಂದು ಕಡೆಗೆ ಮಾತ್ರ ಬರುತ್ತದೆ. ತುಟಿ ಕಚ್ಚಿಕೊಂಡಳು. ಮಾತನ್ನು ನುಂಗಿದಳು. ಆದರೆ ಮೂವತ್ತೊಂದು ವರ್ಷ ಬಟ್ಟೆಯ ಮೇಲೆ ಆಡಿದ ಕೈಗೆ ನುಂಗುವುದು ಗೊತ್ತಿರಲಿಲ್ಲ. ಮಡಿಲಲ್ಲಿದ್ದ ಕರವಸ್ತ್ರದ ತುದಿಯನ್ನು ಅವಳ ಬೆರಳುಗಳು ಆಗಲೇ ಅರ್ಧ ಇಂಚು ಒಳಕ್ಕೆ ಮಡಿಸಿದ್ದವು, ಎದುರಿನ ತುದಿಯನ್ನೂ ಮಡಿಸುತ್ತಿದ್ದವು. ಮಡಿಸಿ, ಉಗುರಿನಿಂದ ಗೆರೆ ಒತ್ತುತ್ತಿದ್ದವು. ಅದನ್ನು ಮೊದಲು ಕಂಡದ್ದು ಮೇಡಂ. ಅವರ ಕಣ್ಣು ಹೋದ ಕಡೆ ಇವಳ ಕಣ್ಣು ಹೋಯಿತು. ಆಗ ತಡವಾಗಿತ್ತು.

"ಹೇಳಿ," ಮೇಡಂ ಮೆಲ್ಲಗೆ ಅಂದರು.

"ಮಡಿಸಿ ಹೊಲೀಬೇಕಲ್ಲ ಮೇಡಂ." ಅವಳ ದನಿ ಅವಳಿಗೇ ದೂರದಲ್ಲಿ ಕೇಳಿಸಿತು. "ಈ ಕಡೆ ಅರ್ಧ, ಆ ಕಡೆ ಅರ್ಧ. ಅಂಚು ಬಿಡದೆ ಕತ್ತರಿಸಿದ್ರೆ ನೂಲು ಬಿಚ್ಕೊಳ್ಳತ್ತೆ, ಹಲಗೆಗೆ ಸಾಲೋದಿಲ್ಲ."

ಬೆರಳು ಎತ್ತಿರಲಿಲ್ಲ ಅವಳು, ಹತ್ತು ಬೆರಳನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆದರೂ ಹತ್ತೂ ಸೇರಿ ತೋರಿಸಿಬಿಟ್ಟಿದ್ದವು. ಮೇಡಂ ನಗುತ್ತಾರೇನೋ ಅನ್ನಿಸಿತು, ತುಟಿಯ ಮೂಲೆ ಅಷ್ಟು ಅಲುಗಿತ್ತು. ನಗಲಿಲ್ಲ. "ನಿಜವಾಗಿ ಹೊದಿಸೋದಾದರೆ ನಿಮ್ಮದೇ ಸರಿ," ಅಂದರು. "ಆದರೆ ಅದನ್ನ ನೀವು ಬರೆದಿಲ್ಲ. ಹೊಲಿಗೆಗೆ ಅರ್ಧರ್ಧ ಇಂಚು ಅಂತ ಒಂದು ಸಾಲು. ಐದನೇ ನಿಯಮ ಅದಕ್ಕೇ ಇರೋದು. ಗೊತ್ತಿರೋದನ್ನ ಗೊತ್ತಿಲ್ಲದವರಿಗೆ ಕಾಣೋ ಹಾಗೆ ಬರೀಬೇಕು. ಬರೆದಿದ್ದರೆ ನಾನು ಕೆಂಪು ಸುತ್ತನ್ನೇ ಹಾಕ್ತಿರಲಿಲ್ಲ." ಸ್ವಲ್ಪ ತಡೆದು, "ಭೇಟಿಯ ವೇಳೆಗೆ ಒಂದು ದಿನವಾದರೂ ಬರಬಾರದಿತ್ತಾ? ದಿನಾ ಒಬ್ಬಳೇ ಕೂತಿರ್ತೀನಿ ಇಲ್ಲಿ."

"ಅದು ತಪ್ಪು ಮಾಡಿದೋರಿಗೆ ಅಂದ್ಕೊಂಡಿದ್ದೆ."

ಮೇಡಂ ಡ್ರಾಯರು ಎಳೆದು ಹಳದಿ ಚೀಟಿಯ ಪುಸ್ತಕ ತೆಗೆದರು. ಒಂದು ಚೀಟಿ ಬರೆದರು: ವಿಚಾರಣೆಯಲ್ಲಿ ಸುಳ್ಳು. ಅದರ ಮೇಲೆ ಇವಳ ಹೆಸರು. ತೋರಿಸಿದ್ದಕ್ಕೆ ಲೆಕ್ಕಗಳಿಗೆ ಸೊನ್ನೆ. ಇನ್ನೊಂದು ಚೀಟಿ ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಮೂಗು ಒರೆಸಿಕೊಂಡರು. ಹುಡುಗಿಯ ಕಣ್ಣು ಆ ಪೆನ್ನಿನ ಮೇಲೇ ಇತ್ತು. "ಆ ನಿಯಮದ ಹಾಳೆಯ ಕೆಳಗೆ ನನ್ನ ಸಹಿಯೂ ಇದೆಯಮ್ಮ," ಅಂದರು ಮೇಡಂ, ಯಾರ ಮುಖವನ್ನೂ ನೋಡದೆ. "ಬರುವ ವರ್ಷ ಮೊದಲಿಂದ ಸೇರಬಹುದು. ಬಾ. ನಾನೇ ಇರ್ತೀನಿ." ಬರೆದರು. ಹುಡುಗಿ ಚೀಟಿಯನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ಅದರ ಅಂಚನ್ನು ನೇರವಾಗಿ ಹರಿದು ಸರಿಮಾಡಿ, ಜೇಬಿಗಿಟ್ಟು ಹೊರಗೆ ಹೋದಳು. ಮೆಟ್ಟಿಲಿನಲ್ಲಿ ಅವಳ ಬೂಟಿನ ಸದ್ದು ಮೂರು ಮಹಡಿ ಇಳಿದದ್ದನ್ನು ಇವಳು ಕೂತಲ್ಲಿಂದಲೇ ಎಣಿಸಿದಳು.

ಐದು ಗಂಟೆಯ ಬಸ್ಸು ಬಂದಾಗ ಬಾಗಿಲಲ್ಲಿ ಅದೇ ಸೀಟಿ, ಅದೇ ಅಂಗಿ. ಸಂಜೆ ಸರದಿ ಇದೆಯೆಂದು ಅವಳಿಗೆ ಹೊಳೆದಿರಲಿಲ್ಲ. ಹಿಂದೆ ಸರಿದು ಮುಂದಿನ ಬಸ್ಸಿಗೆ ಕಾಯಬಹುದಿತ್ತು. ಹಿಂದಿನವರು ತಳ್ಳಿ ಒಳಗೆ ಹಾಕಿದರು. "ಒಳಗ್ ನಡೀರಿ, ಬಾಗಿಲಲ್ಲೇ ಮನೆ ಮಾಡ್ಬೇಡಿ," ಹುಡುಗಿ ಎಲ್ಲರಿಗೂ ಕೂಗಿದ್ದನ್ನೇ ಅವಳಿಗೂ ಕೂಗಿದಳು. ಟಿಕೆಟ್ ಕೊಡುವಾಗ ಎಲ್ಲಿಗೆ ಅಂತ ಕೇಳಲಿಲ್ಲ. ದಿನದ ಜಾಗಕ್ಕೇ ಹರಿದು ಕೊಟ್ಟಳು. ಬೆರಳು ಬೆರಳಿಗೆ ತಾಗದ ಹಾಗೆ ಇಬ್ಬರೂ ಎಚ್ಚರ ವಹಿಸಿದರು. ಹಿಂದಿನ ಸೀಟಿನ ಮೂಲೆಯಲ್ಲಿ ಕೂತು ಅವಳು ಚೀಲವನ್ನು ಮುಖದವರೆಗೆ ಎತ್ತಿ ಹಿಡಿದಳು. ಹುಡುಗಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದನ್ನು ಸೊಂಟಕ್ಕೆ ಒತ್ತಿಕೊಂಡು, ತಿರುವಿನಲ್ಲಿ ಕಾಲು ಅಗಲಿಸಿ ನಿಲ್ಲುತ್ತಿದ್ದಳು. ಇಳಿಯಬೇಕಾದರೆ ಆ ಬಾಗಿಲನ್ನೇ ದಾಟಬೇಕು, ಅವಳ ಮುಂದೆಯೇ. ಏನಾದರೂ ಅಂದಾಳು. ಎಲ್ಲರ ಎದುರಿಗೆ ಅಂದಾಳು. ಏನೂ ಅನ್ನದೇ ಇದ್ದಾಳು. ತನ್ನ ನಿಲ್ದಾಣ ಬಂತು. ಕಿಟಕಿಯಾಚೆ ಔಷಧಿ ಅಂಗಡಿ, ಗಲ್ಲಿಯ ಬಾಯಿ, ಗಲ್ಲಿಯೊಳಗೆ ಎಲ್ಲೋ ಅಕ್ಕ ಕೂತ ಕಿಟಕಿ. ಏಳಬೇಕು ಅಂದುಕೊಂಡಳು. ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದು ಕೂತೇ ಇದ್ದಳು. ಸೀಟಿ ಕೂಗಿತು, ಬಸ್ಸು ಹೊರಟಿತು. ಮುಂದಿನದರಲ್ಲಿ ಇಳಿದು ನಡೆದರಾಯಿತು. ಮುಂದಿನದರಲ್ಲೂ ಇಳಿಯಲಿಲ್ಲ. ಜನ ಕರಗುತ್ತ ಹೋದರು. ಅವಳು ಕಂಡೇ ಇರದ ಬೀದಿಗಳು ಬಂದವು, ಗೋದಾಮುಗಳು, ಒಂದು ಉದ್ದನೆ ಗೋಡೆ, ಗೋಡೆ ಮುಗಿದಲ್ಲಿ ಬಯಲು. ಬಸ್ಸು ನಿಂತು, ಚಾಲಕ ಇಳಿದು ಹೋದ. ಒಳಗೆ ಇಬ್ಬರೇ.

"ನಿಮ್ಮ ಸ್ಟಾಪು ಹೋಗಿ ಎಂಟಾಯ್ತು," ಹುಡುಗಿ ಅಂದಳು.

"ಹೂಂ."

"ನಿದ್ದೆ ಬಂತಾ?"

ಬಂತು ಅನ್ನಬಹುದಿತ್ತು. "ಇಲ್ಲ. ನಿನ್ನ ಮುಂದೆ ಇಳಿಯೋಕೆ ಹೆದರಿಕೆಯಾಯ್ತು."

ಹುಡುಗಿ ಚಾಲಕನ ಸೀಟಿನ ಮೇಲಿನ ಫಲಕ ತೋರಿಸಿದಳು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಹನ್ನೊಂದು ಸಾಲುಗಳಿದ್ದವು. ದಿನಾ ಬರುತ್ತಿದ್ದರೂ ಅವಳು ಓದಿರಲಿಲ್ಲ. "ನಮ್ಮಲ್ಲೂ ಹಾಳೆ ಇದೆ ದೊಡ್ಡಮ್ಮ. ಟಿಕೆಟ್ ಮುಗಿದ ಮೇಲೂ ಕೂತ್ರೆ ದಂಡ. ಬಿಟ್ಟು ಕಳಿಸಿದ್ರೆ ನನಗೂ ದಂಡ. ನಿಮ್ಮ ಮೇಡಂ ಹಾಗಲ್ಲ ನಮ್ಮೋರು, ಇಬ್ಬರಿಗೂ ಒಂದೇ."

"ಬರೀಮ್ಮ."

ಹುಡುಗಿ ನಿಂತುಕೊಂಡೇ ಬರೆದಳು. ದಂಡ ಪಡೆದು ಚೀಟಿ ಹರಿದು ಕೊಟ್ಟಳು. ಅವಳು ಅದನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದಳು: ನಿಗದಿತ ನಿಲ್ದಾಣ ಮೀರಿ ಟಿಕೆಟ್ ಇಲ್ಲದೆ ಪ್ರಯಾಣ, ಎಂಟು ನಿಲ್ದಾಣ, ಮಹಿಳೆ, ಒಬ್ಬರು. ಅದರಲ್ಲಿ ಇದ್ದದ್ದೆಲ್ಲ ನಿಜ. ಅವಳು ಮಾಡಿದ್ದಷ್ಟೇ ಇತ್ತು, ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆಯಿಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಹಳದಿ ಚೀಟಿಯ ಪಕ್ಕಕ್ಕೆ. ಬೆಳಿಗ್ಗೆಯಿಂದ ಇದ್ದ ಭಯ ಹೋಗಲಿಲ್ಲ. ಎಲ್ಲಿದೆ ಅಂತ ಮಾತ್ರ ಈಗ ಗೊತ್ತಾಗುತ್ತಿತ್ತು.

ಹುಡುಗಿ ಎದುರಿನ ಸೀಟಿನಲ್ಲಿ ಬೆನ್ನು ಹಾಕಿ ಕೂತು, ಬೂಟು ಕಳಚಿ, ಪಾದ ಒತ್ತಿಕೊಳ್ಳತೊಡಗಿದಳು. ತಿರುಗದೆಯೇ ಕೇಳಿದಳು, "ಯಾಕ್ ಹೌದು ಅಂದ್ರಿ?"

"ಗೊತ್ತಿಲ್ಲ."

"ಆಮೇಲೆ ಯಾಕ್ ಹೇಳಿಬಿಟ್ರಿ?"

"ನಾನ್ ಹೇಳಲಿಲ್ಲ ಕಣಮ್ಮ. ಕೈ ಹೇಳಿತು."

ಹುಡುಗಿ ಒಣಗಿದ ನಗು ನಕ್ಕಳು. "ಬರ್ಕೊಳ್ಳೋವಾಗ ನನಗೂ ಅನ್ನಿಸಿತ್ತು, ಈ ಒಂದು ಯಾಕೆ ಅಂತ. ಪಕ್ಕದಲ್ಲೇ ಕೂತಿದ್ರಿ. ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಕೇಳಲಿಲ್ಲ ನೀನು."

"ಕೇಳಲಿಲ್ಲ." ಬೂಟಿನ ದಾರ ಕಟ್ಟಿಕೊಂಡಳು. "ದಡ್ಡಿ ಅಂದ್ಕೋತೀರಿ ಅಂತ ಭಯ."

ಚಾಲಕ ಬಂದು ಹತ್ತಿದ. ಬಸ್ಸು ಬಯಲಿನಲ್ಲಿ ದೊಡ್ಡದಾಗಿ ತಿರುಗಿ ಬಂದ ದಾರಿಯನ್ನೇ ಹಿಡಿಯಿತು. ಹುಡುಗಿ ವಾಪಸಿನ ಟಿಕೆಟ್ ಹರಿದು ಕೊಟ್ಟಳು. ಈ ಸಲ ಎಲ್ಲಿಗೆ ಅಂತ ಕೇಳಿಯೇ ಕೊಟ್ಟಳು. ಗೋಡೆ, ಗೋದಾಮು, ಬೀದಿಗಳು ಹಿಂದುಮುಂದಾಗಿ ಬಂದವು. ಆರು ಗಂಟೆ ದಾಟಿತ್ತು. ಇಷ್ಟು ಹೊತ್ತಿಗೆ ಅಕ್ಕ ಬೆಳಕು ಸಾಲದೆ ಸೂಜಿ ಕೆಳಗಿಟ್ಟಿರುತ್ತಾಳೆ. ಬಾಗಿಲು ತೆರೆದ ಸದ್ದಾದ ಕೂಡಲೆ ಕೇಳುತ್ತಾಳೆ, ಇವತ್ತೇನು ಕಲಿಸಿದರು? ಅದಕ್ಕೆ ಉತ್ತರ ಹೇಳುವ ಮೊದಲು, ನೀರು ಕುಡಿಯುವ ಮೊದಲು, ತಾನು ಒಂದು ಕೇಳಬೇಕು. ಯಾರು ಯಾರದ್ದನ್ನ ನೋಡಿದ್ದು ಅಕ್ಕಾ? ನಾಲಗೆಯ ಮೇಲೆ ಅದನ್ನು ಇಟ್ಟು ನೋಡಿದಳು. ಅಕ್ಕ ಏನು ಹೇಳಿಯಾಳು? ನೆನಪಿಲ್ಲ ಅಂದಾಳು. ನಾನೇ ನೋಡಿದ್ದು ಕಣೇ ಅಂದಾಳು, ಆಗ ಇಷ್ಟು ವರ್ಷ ಹೊತ್ತದ್ದನ್ನು ಎಲ್ಲಿ ಇಳಿಸುವುದು? ನೀನೇ, ಗೊತ್ತಿತ್ತು ನನಗೆ ಅಂದಾಳು. ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯಲಿಲ್ಲ. ಔಷಧಿ ಅಂಗಡಿಯ ಹಸಿರು ದೀಪ ದೂರದಲ್ಲಿ ಕಂಡಿತು. ಬಸ್ಸು ಇನ್ನೂ ಓಡುತ್ತಿರುವಾಗಲೇ ಎದ್ದು, ಸೀಟಿನಿಂದ ಸೀಟಿಗೆ ಕೈ ಊರಿಕೊಂಡು, ಅಲ್ಲಾಡುವ ನೆಲದ ಮೇಲೆ ಕಾಲು ಅಗಲಿಸಿ ಬಾಗಿಲ ಬಳಿಗೆ, ಹುಡುಗಿಯ ಪಕ್ಕಕ್ಕೆ ಬಂದು ನಿಂತಳು.

"ಇಳಿಯೋರು ಇದೀರಾ?" ಹುಡುಗಿ ಖಾಲಿ ಬಸ್ಸಿಗೆ ಕೂಗಿದಳು, ದಿನಾ ಕೂಗುವ ಹಾಗೆ.

"ಇದೀನಿ," ಅಂದಳು ಅವಳು.